ನಿದ್ದೆ ಹೋದ ಕಿಣ್ವ

"ಗಂಗಾ, ನನ್ನ ಎಂಜೈಮ್ ಕೊಂದಾರ!"

ಪ್ರವೀಣಕುಮಾರ್ ಹಾಸ್ಟೆಲಿನ ಗೇಟು ಹಿಡಿದು ಹೀಗೆ ಕೂಗಿದಾಗ ಗಂಗಾಂಬಿಕಾ ಕಟ್ಟೆಯ ಮೇಲೆ ಕೂದಲು ಹರವಿಕೊಂಡು ಮಲಗಿದ್ದಳು. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಸುಗ್ಗಿ. ಮಂಡಿಯಿಂದ ಎದ್ದ ಹೊಟ್ಟಿನ ಧೂಳು ಬಿಸಿಲಿನಲ್ಲಿ ತೇಲುತ್ತ, ಊರಿಗೆ ಊರೇ ಅರೆನಿದ್ದೆಯಲ್ಲಿದ್ದಂತೆ ಕಾಣುತ್ತಿತ್ತು.

"ಹೆಣ ಎಲ್ಲೈತಿ?" ಎಂದಳು ಕಣ್ಣು ತೆರೆಯದೆ.

"ಫ್ರಿಜ್ಜಿನಾಗ, ಐಸ್ ತುಂಬಿ ಇಟ್ಟೀನಿ. ನಗಬ್ಯಾಡ, ನಾಡಿದ್ದು ವೈವಾ ಐತಿ."

2004ರಲ್ಲಿ ನಾವು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಎರಡನೇ ವರ್ಷದಲ್ಲಿದ್ದೆವು. ಗಂಗಾಂಬಿಕಾ ಕೊಟ್ಟೂರಿನ ಬಟ್ಟೆ ಅಂಗಡಿಯವರ ಮಗಳು, ನನ್ನ ರೂಮ್‌ಮೇಟ್. ಮೆಸ್ಸಿನ ಹಾಲು ಕದ್ದವರಿಂದ ಹಿಡಿದು ಪ್ರಶ್ನೆಪತ್ರಿಕೆ ಬಯಲು ಮಾಡಿದವರವರೆಗೆ ಪತ್ತೆ ಹಚ್ಚಿದ್ದಳು. ಕಾಲೇಜಿನಲ್ಲಿ ಏನು ಕಳೆದರೂ ಜನ ಮೊದಲು ಬರುತ್ತಿದ್ದುದು ಅವಳ ಬಳಿಗೆ. ಅವಳು ಯೋಚಿಸುವಾಗ ನಿದ್ದೆ ಮಾಡಿದಂತಿರುತ್ತಿದ್ದಳು. ಹಲವು ಸಲ ನಿಜವಾಗಿಯೂ ನಿದ್ದೆಯನ್ನೇ ಮಾಡುತ್ತಿದ್ದಳು.

ಪ್ರವೀಣ ಮೊಳಕೆ ಹೆಸರುಕಾಳಿನಿಂದ ಒಂದು ಕಿಣ್ವ ತೆಗೆದಿದ್ದ. ಅದನ್ನು ಬಣ್ಣವಿಲ್ಲದ ದ್ರಾವಣಕ್ಕೆ ಸೇರಿಸಿ, ಕೊನೆಗೆ ಕ್ಷಾರ ಹಾಕಿದರೆ ಹಳದಿ ಬರಬೇಕು. ಕಿಣ್ವ ಚುರುಕಾಗಿದ್ದಷ್ಟೂ ಹಳದಿ ಗಾಢ. ಶನಿವಾರ ಅರಿಸಿನದಂತೆ ಬಂದದ್ದು ಸೋಮವಾರ ಕಂಡೂ ಕಾಣದಷ್ಟು ಮಂಕಾಗಿತ್ತು.

"ಯಾರ ಮ್ಯಾಲೆ ಅನುಮಾನ?" ನಾನು ಕೇಳಿದೆ.

"ಇನ್ಯಾರು? ಅಂಜಿನೇಯಲು. ಭಾನುವಾರ ಒಬ್ಬನೇ ಲ್ಯಾಬಿನ್ಯಾಗ ಇದ್ದ. ಹೋದ ವಾರ ಸೆಂಟ್ರಿಫ್ಯೂಜ್ ಸಲುವಾಗಿ ನನ್ನ ಜೋಡಿ ಜಗಳಾನೂ ಆಡ್ಯಾನ. ಲ್ಯಾಬ್ ನೋಡಿಕೊಳ್ಳೋ ಸುಕನ್ಯಾ ಮೇಡಂ ಅವನ್ನ ವೈವಾಕ್ಕ ಬಿಡಂಗಿಲ್ಲ ಅಂದಾರ."

ಅಂಜಿನೇಯಲು ಕೂಡ್ಲಿಗಿ ಕಡೆಯವನು. ಅವನ ಅವ್ವ ಕೂಲಿಗೆ ಹೋಗಿ ಓದಿಸುತ್ತಿದ್ದಳು. ವೈವಾ ತಪ್ಪಿದರೆ ಒಂದು ವರ್ಷ ಹೋಗುತ್ತಿತ್ತು, ಮತ್ತೊಂದು ವರ್ಷ ಓದಿಸುವ ಶಕ್ತಿ ಆ ಮನೆಗಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ಮೇಡಂಗೂ.

ನಾವು ಲ್ಯಾಬಿಗೆ ಹೋದಾಗ ಅವನು ಮೂಲೆಯಲ್ಲಿ ನಿಂತಿದ್ದ. ಕರೆಂಟ್ ಇರಲಿಲ್ಲ. ಶನಿವಾರ ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ನೀರನ್ನು ಬಟ್ಟಿ ಇಳಿಸುವ ಡಿಸ್ಟಿಲೇಷನ್ ಯಂತ್ರ ಅಂದಿನಿಂದ ತಣ್ಣಗೆ ಕೂತಿತ್ತು. ಕಿಟಕಿಯ ಬೆಳಕಿನಲ್ಲಿ ಸಾಲು ಸಾಲು ಬೀಕರುಗಳು ಬೋರಲಾಗಿದ್ದವು. ಒಣಗಿದ ಗಾಜಿನ ಮೇಲೆ ತೆಳ್ಳನೆ ಬಿಳಿ ಕಲೆಗಳಿದ್ದವು.

"ಭಾನುವಾರ ಏನ್ ಮಾಡಕತ್ತಿದ್ದಿ?" ಗಂಗಾಂಬಿಕಾ ಕೇಳಿದಳು.

"ಎಂಜೈಮಿಗೆ ಹಾಕೋ ಬಫರ್ ದ್ರಾವಣ ಮಾಡಿದೆ. ನನ್ನ ಪ್ರಯೋಗಾನೂ ಕೆಟ್ಟೈತಿ. ಅದನ್ಯಾರು ಕೇಳ್ತಾರ?"

"ಬಫರಿಗೆ ನೀರು?"

"ಆ ಕ್ಯಾನಿಂದು. ಪ್ರವೀಣನೂ ಅದನ್ನ ಬಳಸ್ಯಾನ."

ಬಟ್ಟಿ ನೀರಿನ ಕ್ಯಾನು ಹೆಚ್ಚೂಕಡಿಮೆ ತುಂಬಿಯೇ ಇತ್ತು. ಗಂಗಾಂಬಿಕಾ ಅದರ ಮುಂದೆ ಬಹಳ ಹೊತ್ತು ಕೂತಳು. "ಹೆಣ ಎದ್ದು ಕೈ ಮುಗಿಯುತ್ತೇನು?" ಎಂದು ನಾನು ನಕ್ಕೆ.

ಅವಳು ತಟ್ಟನೆ ನನ್ನ ಬಾಯಿ ನೋಡಿದಳು. "ಹಲ್ಲು ತೋರಿಸು, ಶಿವಿ."

ನಮ್ಮೂರಿನ ಬೋರಿನ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆಗಳಿರುತ್ತವೆ. ನನಗೂ ಇವೆ. ಯಾರಿಗೂ ತೋರಿಸುವ ವಸ್ತುವಲ್ಲ, ಆದರೂ ತೋರಿಸಿದೆ.

"ಶನಿವಾರ ಮೇಡಂನ ಬಸ್ಸಿಗೆ ಹತ್ತಿಸಿದಾಗ ಅವರ ಕ್ಯಾನು ಯಾರು ಹಿಡಿದಿದ್ರು?"

"ನಾನ. ಮನಿಗೆ ಗಾಣದ ಎಣ್ಣಿ ಅಂದ್ರು. ಸೋರಿ ನನ್ನ ದುಪಟ್ಟಾ ಎಲ್ಲ ತೊಯ್ದಿತ್ತು."

"ಅದನ್ನ ಒಗದೀಯೇನು?"

"ಇಲ್ಲ. ಒಣಗಿದ ಮ್ಯಾಲೆ ಕಲೀನ ಉಳಿಲಿಲ್ಲ."

ಅವಳು ಕೂಡಲೇ ಪ್ರವೀಣನನ್ನು ಬಸ್‌ಸ್ಟ್ಯಾಂಡಿನ ಬ್ಯಾಟರಿ ಅಂಗಡಿಗೆ ಓಡಿಸಿದಳು. ಬ್ಯಾಟರಿಗೆ ಹಾಕುವ, ಸೀಲು ಒಡೆಯದ ಬಟ್ಟಿ ನೀರಿನ ಬಾಟಲಿ ತರಲು ಹೇಳಿದ್ದಳು.

ಮರುದಿನ ಮಧ್ಯಾಹ್ನ ಎಲ್ಲರನ್ನೂ ಲ್ಯಾಬಿಗೆ ಕರೆದಳು. ಸುಕನ್ಯಾ ಮೇಡಂ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು. ಇಟ್ಟಿಗಿ ಊರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಮನೆಯಲ್ಲಿ ಎರಡು ವರ್ಷದ ಮಗು. "ಪತ್ತೇದಾರಿ ಶುರು ಮಾಡಮ್ಮ" ಎಂದು ನಕ್ಕರು. ನಗುವಾಗ ಎಂದಿನಂತೆ ಸೆರಗು ಬಾಯಿಗೆ ಹೋಯಿತು.

"ಮೊದಲನೇದು," ಎಂದಳು ಗಂಗಾಂಬಿಕಾ, "ಇದು ಕೊಲೆ ಅಲ್ರಿ. ಕುದಿಸಿದ್ರ, ಆಸಿಡ್ ಹಾಕಿದ್ರ ಹಳದಿ ಬರಂಗ ಇಲ್ಲ. ಇಲ್ಲಿ ಮಂಕಾಗಿ ಬಂದೈತಿ. ಎಂಜೈಮ್ ಸತ್ತಿಲ್ಲ, ನಿದ್ದಿ ಮಾಡಾಕತ್ತೈತಿ. ಯಾರೋ ಜೋಗುಳ ಹಾಡ್ಯಾರ."

ಎರಡು ಗಾಜಿನ ತಟ್ಟೆ ಮುಂದಿಟ್ಟಳು. ಬ್ಯಾಟರಿ ಅಂಗಡಿಯ ನೀರು ಆರಿದ ತಟ್ಟೆ ಸ್ವಚ್ಛವಾಗಿತ್ತು. ಕ್ಯಾನಿನ ನೀರು ಆರಿದ್ದರಲ್ಲಿ ಸುಣ್ಣದಂಥ ಪೊರೆ ಕೂತಿತ್ತು.

"ಬೀಕರಿನ ಮ್ಯಾಲಿನ ಕಲೀನೂ ಇದೇ, ಕೊನೀಗೆ ಅವನ್ನ ತೊಳಿಯೋದು ಈ ಕ್ಯಾನಿನ ನೀರಿನ್ಯಾಗ. ಕ್ಯಾನಿನ್ಯಾಗ ಇರೋದು ಬೋರಿನ ನೀರು. ನಮ್ಮ ಕಡೆ ಬೋರಿನ್ಯಾಗ ಫ್ಲೋರೈಡ್ ಐತಿ. ಅದು ಶಿವಿ ಹಲ್ಲಿಗೆ ಗೆರಿ ಕೊಡ್ತೈತಿ, ಪ್ರವೀಣನ ಎಂಜೈಮಿನ ಕೈ ಕಟ್ತೈತಿ. ಪರೀಕ್ಷಿಗೆ ಎಲ್ಲಾರೂ ಬಾಯಿಪಾಠ ಮಾಡೀವಿ, ನೀರು ಕುಡಿಯುವಾಗ ಯಾರಿಗೂ ನೆನಪಾಗಲಿಲ್ಲ."

"ಅಂದ್ರ ಇವನೇ ತುಂಬಿಸ್ಯಾನ, ಸೋಮಾರಿ!" ಪ್ರವೀಣ ಎದ್ದ.

"ಕುಂದ್ರಲೇ. ತುಂಬಿಸಿದವಗ ಆ ನೀರಿನ ಗುಟ್ಟು ಗೊತ್ತಿರತೈತಿ. ಅದರಾಗ ತನ್ನ ಬಫರ್ ಮಾಡ್ಕೊಂತಾನ? ಅಂಜಿನೇಯಲೂ ಮಾಡ್ಯಾನ, ನೀನೂ ಮಾಡೀಯ. ಇಬ್ಬರಿಗೂ ಗೊತ್ತಿರಲಿಲ್ಲ. ಯಂತ್ರ ನಿಂತ್ರೂ ಕ್ಯಾನು ತುಂಬೈತಿ, ಅಂದ್ರ ಒಳಗಿನ ಒಳ್ಳೆ ನೀರು ಯಾರೋ ಒಯ್ದಾರ. ಲ್ಯಾಬಿನ ಒಂದು ಕೀಲಿ ನಿಮ್ಮಿಬ್ಬರ ಹತ್ರ, ಇನ್ನೊಂದು ಇರೋದು ಒಬ್ಬರ ಹತ್ರ. ಶನಿವಾರ ಅವರು ಒಯ್ದ ಎಣ್ಣಿ ಶಿವಿ ದುಪಟ್ಟಾದ ಮ್ಯಾಲೆ ಬಿದ್ರೂ ಕಲಿ ಆಗಲಿಲ್ಲ." ಅವಳ ದನಿ ತಗ್ಗಿತು. "ಈ ನೀರು ಹಲ್ಲಿಗೆ ಏನು ಮಾಡತೈತಿ ಅಂತ ಅವರಿಗೆ ಬಾಲ್ಯದಿಂದ ಗೊತ್ತು. ಅದಕ್ಕ ನಗುವಾಗ ಬಾಯಿ ಮುಚ್ಚಿಕೊಂತಾರ."

ಮೇಡಂ ಸೆರಗು ಕೆಳಗಿಳಿಸಿದರು. ಅವರ ಹಲ್ಲಿನ ಮೇಲೂ ನನ್ನವೇ ಗೆರೆಗಳು.

"ಮಗೂಗ ಹಾಲಿನ ಪುಡಿ ಕಲಸಾಕ ಒಯ್ದೆ," ಎಂದರು. "ನನ್ನಂಗ ಆಕಿ ಆಗಬಾರದು ಅಂತ. ಖಾಲಿ ಕಂಡ್ರ ಕೇಳ್ತಾರಂತ ಬೋರಿನ ನೀರು ತುಂಬಿದೆ. ಭಾನುವಾರ ಎಂದಿನಂಗ ಹಳೇ ನೀರು ಚೆಲ್ಲಿ, ಯಂತ್ರ ಹಚ್ಚಿ ಹೊಸಾದು ತುಂಬಸ್ತಾರ ಅನ್ಕೊಂಡಿದ್ದೆ."

"ಕರೆಂಟ್ ಹೋಗಿದ್ದು ನಿಮ್ಮ ತಪ್ಪಲ್ರಿ," ಎಂದಳು ಗಂಗಾಂಬಿಕಾ. "ಹಳದಿ ಮಂಕಾಗೈತಿ ಅಂದ ಕೂಡಲೇ ನಿಮಗ ತಿಳೀತು. ಆದ್ರೂ ಅಂಜಿನೇಯಲು ಮ್ಯಾಲೆ ಬಿಟ್ರಿ."

ಮೇಡಂ ಸ್ಟೂಲಿನಿಂದ ಎದ್ದು ನಿಂತರು.

ಗಂಗಾಂಬಿಕಾ ಹೊಸ ನೀರಿನ ಬಫರಿನಲ್ಲಿ ಫ್ಲೋರೈಡ್ ಸೋರಿಹೋಗಲೆಂದು ಪೊರೆಯ ಚೀಲದಲ್ಲಿ ಕಟ್ಟಿ ರಾತ್ರಿಯೆಲ್ಲ ನೆನೆಸಿಟ್ಟಿದ್ದ ಕಿಣ್ವವನ್ನು ಪ್ರನಾಳದ ಬಣ್ಣವಿಲ್ಲದ ದ್ರಾವಣಕ್ಕೆ ಹಾಕಿದಳು. ನಾವೆಲ್ಲ ಬಾಗಿ ಕಾದೆವು. ಕ್ಷಾರದ ಹನಿ ಬಿದ್ದೊಡನೆ ತಳದಿಂದ ಹಳದಿ ಎದ್ದಿತು. ನಿದ್ದೆಯಿಂದ ಎದ್ದ ಕಣ್ಣು ಬೆಳಕಿಗೆ ತೆರೆದುಕೊಂಡಂತೆ, ಮೊದಲು ಅನುಮಾನದಿಂದ, ಆಮೇಲೆ ಪೂರ್ತಿ.

ಮೇಡಂ ಅಲ್ಲೇ, ಎಲ್ಲರ ಎದುರು, ಅಂಜಿನೇಯಲುವಿನ ಕ್ಷಮೆ ಕೇಳಿದರು. ಅವನು ತಲೆಯಾಡಿಸಿದ. ವೈವಾಗೆ ಅವನೂ ಪ್ರವೀಣನೂ ಕೂತರು, ಇಬ್ಬರೂ ಪಾಸಾದರು.

ಕರೆಂಟ್ ಬಂದ ದಿನ ಅಂಜಿನೇಯಲು ಕ್ಯಾನು ತೊಳೆದು ಯಂತ್ರ ಹಚ್ಚಿದ. ಮೊದಲು ಇಳಿದ ನೀರನ್ನು ಬಾಟಲಿಗೆ ತುಂಬಿ ಮೇಡಂನ ಮೇಜಿನ ಮೇಲೆ ಇಟ್ಟು ಬಂದ.

"ಕ್ಷಮಿಸಿದಿಯೇನಲೇ?" ಪ್ರವೀಣ ಕೇಳಿದ.

"ಇಲ್ಲ," ಎಂದ ಅಂಜಿನೇಯಲು. "ಮಗು ಏನ್ ಮಾಡೈತಿ?"