ಎರಡು ವರ್ಷ ಹಳೆಯ ಬ್ಯಾಕಪ್

ಯಾರ ಮುಖವನ್ನು ಈ ಜನ್ಮದಲ್ಲಿ ನೋಡಬಾರದು ಎಂದುಕೊಂಡಿದ್ದಳೋ, ಅವನೇ ಲಿಫ್ಟಿನ ಕೆಳಗಿನ ಗುಂಡಿಯೊಳಗಿಂದ ತಲೆ ಹೊರಗೆ ಹಾಕಿದ!

ಲಿಫ್ಟ್ ರಿಪೇರಿ ಅವನ ಕೆಲಸ. ಮೈಕೈಯೆಲ್ಲ ಗ್ರೀಸ್. ಅವಳನ್ನು ಕಂಡವನ ಕೈ ಸ್ಪ್ಯಾನರ್ ಹಿಡಿದುಕೊಂಡೇ ನಿಂತುಬಿಟ್ಟಿತು.

"ನಿಮ್ಮಿಂದ ಒಂದು ಕೋಡ್ ಬೇಕಿತ್ತು" ಎಂದಳು.

ನಿಮ್ಮಿಂದ... ಮೂರು ವರ್ಷ 'ನೀನು' ಎಂದೇ ಜಗಳವಾಡಿದ ಬಾಯಲ್ಲಿ ಈ 'ನೀವು' ಎಷ್ಟು ಚೆನ್ನಾಗಿ ಚುಚ್ಚುತ್ತದೆ ನೋಡಿ! ಚುಚ್ಚಲಿ ಎಂದೇ ಅವಳು ಅಂದದ್ದು.

ಅವಳು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವಳು. ಯಾರದೇ ಬರಹದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಶಾಯಿ ಬೀಳದೆ ಇರುತ್ತಿರಲಿಲ್ಲ. ನಿನ್ನೆ ಅವಳ ಫೋನು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಕೆಟ್ಟು ಕೂತಿತ್ತು. ಫೋನ್ ಹೋದರೆ ಹಾಳಾಗಿ ಹೋಗಲಿ, ಅದರಲ್ಲಿ ಅಮ್ಮನ ದನಿಯಿತ್ತು.

ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅಮ್ಮನಿಗೆ ಮಾತೇ ಹೊರಡುತ್ತಿರಲಿಲ್ಲ. ಅದಕ್ಕೂ ಮೊದಲು ಕಳಿಸಿದ್ದ ವಾಯ್ಸ್ ಮೆಸೇಜುಗಳಲ್ಲಿ ಬಿಟ್ಟರೆ ಆ ದನಿ ಇನ್ನೆಲ್ಲೂ ಇರಲಿಲ್ಲ.

ಬೆಳಿಗ್ಗೆ ಹೊಸ ಫೋನಿನಲ್ಲಿ ಕ್ಲೌಡ್ ಖಾತೆ ತೆರೆಯಲು ಹೋದರೆ, ಕೋಡನ್ನು ಬೇರೊಂದು ನಂಬರಿಗೆ ಕಳಿಸುತ್ತೇವೆ ಎಂದಿತು. ಕೊನೆಯ ಎರಡಂಕಿ ನೋಡಿದಳು. ಅವನ ನಂಬರು! ಮದುವೆಯ ಮಾತು ನಡೆಯುತ್ತಿದ್ದಾಗ ಆ ಖಾತೆ ಮಾಡಿಕೊಟ್ಟವನು ಅವನೇ. ನನ್ನ ನಂಬರೇ ಹಾಕಿರ್ತೀನಿ, ನಾನೆಲ್ಲಿ ಹೋಗ್ತೀನಿ ಎಂದಿದ್ದ.

ಹೋದ. ಅಮ್ಮನನ್ನು ಇದ್ದಕ್ಕಿದ್ದಂತೆ ಆಪರೇಷನ್ನಿಗೆ ಒಯ್ದ ದಿನ ಅವಳು ಕರೆದರೂ ಬರಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಒಂದು ವಾರ ಕಾದು, ಅವನ ಚಾಟ್, ಫೋಟೋ, ನಂಬರು ಎಲ್ಲ ಅಳಿಸಿಹಾಕಿದ್ದಳು. ಈಗ ಅವನ ಕಂಪನಿಯಲ್ಲಿ ವಿಚಾರಿಸಿಕೊಂಡು, ಅಭಿಮಾನವನ್ನೆಲ್ಲ ನುಂಗಿಕೊಂಡು ಇಲ್ಲಿಗೆ ಬಂದಿದ್ದಳು.

ಬಂದ ವಿಷಯವನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಆಪರೇಷನ್ ಎಂದಾಗ ಅವನ ಮುಖ ಬಿಳಿಚಿಕೊಂಡಿತು. ನಾಟಕ... ಎಂದುಕೊಂಡಳು. ಕೆಳಗೆ ಸಿಗ್ನಲ್ ಇಲ್ಲ ಎಂದು ಮೆಟ್ಟಿಲು ಹತ್ತಿಸಿಕೊಂಡು ಹೋದ.

ಅವನು ಹೇಳಿದ ಕೋಡನ್ನು ಅವಳು ಅವಸರದಲ್ಲಿ ಹಿಂದುಮುಂದು ಒತ್ತಿದಳು. ತಪ್ಪು. ಮತ್ತೆ ತಪ್ಪು. ಇನ್ನೊಂದೇ ಅವಕಾಶ, ಆಮೇಲೆ ಖಾತೆಗೆ ಬೀಗ!

"ಒಂದೊಂದೇ ಅಂಕಿ ಹೇಳ್ತೀನಿ. ಅವಸರ ಮಾಡ್ಬೇಡ."

ಒಂದೊಂದಾಗಿ ಒತ್ತಿದಳು. ತೆರೆಯಿತು.

ಕೊನೆಯ ಬ್ಯಾಕಪ್ ಎರಡು ವರ್ಷದಷ್ಟು ಹಿಂದಿನದು. ಜಾಗ ತುಂಬಿದೆ, ಜಾಗ ತುಂಬಿದೆ ಎಂದು ಫೋನು ಬಡಿದುಕೊಂಡರೂ ನಾಳೆ ನೋಡಿದರಾಯಿತು ಎಂದು ತಳ್ಳಿದ್ದಳಲ್ಲ, ಅದರ ಫಲ! ಆದರೆ ತಾರೀಖು ನೋಡಿದವಳಿಗೆ ಹೋದ ಜೀವ ಬಂದಂತಾಯಿತು. ಆಪರೇಷನ್ ಆದ ದಿನದ ರಾತ್ರಿಯದು.

ರಿಸ್ಟೋರ್ ಒತ್ತಿದಳು. ಶೇಕಡಾ ನಲವತ್ತೊಂದಕ್ಕೆ ಬಂದು ನಿಂತಿತು. ಇಬ್ಬರೂ ಮೆಟ್ಟಿಲ ಮೇಲೆ ಎರಡು ಮೊಳ ದೂರ ಕೂತು ಆ ಅಂಕಿಯನ್ನೇ ನೋಡಿದರು. ಅರವತ್ತು... ತೊಂಬತ್ತು... ನೂರು.

"ಏ, ಹಾಲು ಉಕ್ಕಿಸ್ಬಿಟ್ಟೆ ಕಣೇ. ಬಂದು ಬೈಬೇಡ, ಒರೆಸಿಟ್ಟಿದ್ದೀನಿ."

ಅಮ್ಮ! ಅವಳು ಫೋನನ್ನು ಕಿವಿಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅವನು ಮೆಲ್ಲಗೆ ಎದ್ದ.

ಎದ್ದು ಹೋಗುವವನನ್ನು ಕಂಡು ಅವಳ ಹಳೆಯ ಸಿಟ್ಟು ನೆತ್ತಿಗೇರಿತು. ಅಮ್ಮನ ಜೊತೆಗೇ ಅವನ ಚಾಟೂ ಮರಳಿ ಬಂದಿತ್ತು. ಅವತ್ತು ಹೇಗೆ ಕರೆದಿದ್ದೆ ಅಂತ ಓದಿ ನೋಡಿ ಎಂದಳು.

"ಓದೋದೇನು. ಬಾಯಿಪಾಠ ಆಗಿದೆ."

ಅವಳೇ ಓದಿದಳು. 'ನಂಗೆ ಆಗ್ತಿಲ್ಲ. ಬಿಟ್ಬಿಡು.'

ಬಿಟ್ಬಿಡು?

ಅವಳು ಬರೆಯಹೊರಟಿದ್ದು 'ಬಂದ್ಬಿಡು'. 'ಬ' ಒತ್ತುತ್ತಲೇ ಫೋನು ಮುಂದಿಟ್ಟ ಪದವನ್ನು, ಆಪರೇಷನ್ ಕೋಣೆಯ ಬಾಗಿಲು ನೋಡುತ್ತಾ ಒತ್ತಿಬಿಟ್ಟಿದ್ದಳು. ಉತ್ತರ ಬಂತೇ ಎಂದು ನೂರು ಸಲ ಇಣುಕಿದವಳು, ಊರವರ ತಪ್ಪನ್ನೆಲ್ಲ ಹೆಕ್ಕುವವಳು, ತಾನು ಬರೆದ ಎರಡು ಸಾಲನ್ನು ಒಮ್ಮೆಯೂ ಓದಿರಲಿಲ್ಲ. ನಾಚಿಕೆಯಿಂದ, ಸಂಕಟದಿಂದ ಅವಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ಬಾ ಅಂತ ಕರೆದಿದ್ದು ಕಣೋ ನಾನು..."

ಅವನು ಮತ್ತೆ ಮೆಟ್ಟಿಲ ಮೇಲೆ ಕೂತ.

"ಹಿಂದಿನ ದಿನ ಅಷ್ಟು ಜಗಳ ಆಡಿದ್ವಲ್ಲ. ನಾನು ಬೇಡವಾದೆ ಅಂದ್ಕೊಂಡೆ. ಅಮ್ಮಂಗೆ ಆಪರೇಷನ್ ಆಗಿದ್ದು ಇವತ್ತೇ ಗೊತ್ತಾಗಿದ್ದು."

"ಫೋನ್ ಮಾಡಿ ಬೈಬಾರ್ದಿತ್ತಾ?"

"ಅದನ್ನೇ ನೀನು ಬಾಯಿಬಿಟ್ಟು ಹೇಳ್ಬಿಟ್ರೆ ಅಂತ ಭಯ." ಅವನು ತಲೆ ತಗ್ಗಿಸಿದ. "ಕಂಪನಿಯವರು ಬೇರೆ ಸಿಮ್ ಕೊಟ್ರು. ಇದನ್ನ ಬಿಡ್ಲಿಲ್ಲ. ಯಾವತ್ತಾದ್ರೂ ನಿಂಗೆ ಕೋಡ್ ಬೇಕಾಗುತ್ತೆ ಅಂತ."

ಎರಡು ಮೊಳದ ದೂರವನ್ನು ಅವಳೇ ಸರಿದು ಮುಗಿಸಿದಳು. ಅವನ ಗ್ರೀಸ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನೀನಿಲ್ಲದೆ ನನ್ನಿಂದ ಆಗುತ್ತಿಲ್ಲ ಎಂದಳು. ಈ ಸಲ ಬಾಯಲ್ಲೇ ಹೇಳಿದಳು.

ಅವನು ಕೇಳಿದ, "ಸಂಜೆ ಅಮ್ಮನ್ನ ನೋಡೋಕೆ ಬರ್ಲಾ?"

"ಈಗ ಸ್ಲೇಟಲ್ಲಿ ಬರೆದು ಬೈತಾಳೆ. ನಿಂಗಂತೂ ಒಂದು ಸ್ಲೇಟ್ ಸಾಲಲ್ಲ."

"ಬರೀಲಿ. ಪಕ್ಕದಲ್ಲೇ ಕೂತು ಒರೆಸಿ ಒರೆಸಿ ಕೊಡ್ತೀನಿ."