ಲ್ಯುದ್ಮಿಲಾ ಅಂದರೆ ಏನು?

"ಸಿಸ್ಟರ್ ಲ್ಯುದ್ಮಿಲಾ ಎಲ್ಲಿ ಸಿಗ್ತಾರೆ? ರಷ್ಯಾದವರಿರಬೇಕು…"

ಸೌದಿಯ ಖತೀಫಿನ ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ರಿಪೇರಿಗೆ ಬಂದಿದ್ದ ಅಖಿಲೇಶ್, ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದ ನರ್ಸನ್ನು ಕಂಡು ಹೀಗೆ ಕೇಳಿದ್ದ.

"ನಾನೇ. ಕಾರ್ಕಳದವಳು. ಯಂತ್ರ ಅಲ್ಲಿದೆ."

ಶಾಲೆಯಲ್ಲಿ, ಪಾಸ್‌ಪೋರ್ಟ್ ಆಫೀಸಿನಲ್ಲಿ, ಸೌದಿಯ ವಾಸದ ಪರವಾನಗಿ ಕೊಡುವ ಇಕಾಮಾ ಕೌಂಟರಿನಲ್ಲಿ 'ಯಾವ ದೇಶದ ಹೆಸರು' ಎಂಬ ಇದೇ ಪ್ರಶ್ನೆಗೆ ಉತ್ತರ ಕೊಟ್ಟು ಅವಳಿಗೆ ಸಾಕಾಗಿಹೋಗಿತ್ತು. ಎಲ್ಲರಿಗೂ 'ಮಿಲಾ' ಅಂದರೆ ಸಾಕು ಎನ್ನುತ್ತಿದ್ದಳು.

ಆ ಸಿಡುಕು ಮೋರೆಗೇ ಮನಸೋತನಲ್ಲ, ಪುಣ್ಯಾತ್ಮ! ಈಗ ಮದುವೆಗೆ ಒಂದೇ ತಿಂಗಳು.

ಇವತ್ತು ಡ್ಯೂಟಿ ಮುಗಿಸಿ, ಕಾಲೆಳೆದುಕೊಂಡು ಬಂದು ಅವನ ಕಾರು ಹತ್ತಿದಳು. ಅವನು ಖುಷಿಯಲ್ಲಿದ್ದ.

"ಅಮ್ಮ ನಿನಗೆ ಹೆಸರು ಹುಡುಕಿದ್ದಾರೆ. ವೈಷ್ಣವಿ."

ಇಬ್ಬರದೂ ಕೊಂಕಣಿ ಮನೆತನ. ಮದುವೆಯಲ್ಲಿ ಹರಿವಾಣದ ಅಕ್ಕಿಯ ಮೇಲೆ ಗಂಡು ತನ್ನ ಉಂಗುರದಿಂದ ಹೆಣ್ಣಿನ ಹೊಸ ಹೆಸರು ಬರೆಯುವುದು ಪದ್ಧತಿ. ಗೊತ್ತಿದ್ದದ್ದೇ. ಆದರೂ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

'ಇವರಿಗೂ ನನ್ನ ಹೆಸರು ಹೇಳಲು ನಾಚಿಕೆ…'

ಜಗಳವಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಮದುವೆ ಬೇಡ ಬಿಡಿ," ಎಂದಳು ಮೆಲ್ಲಗೆ.

ಅಖಿಲೇಶ್ ಕಾರನ್ನು ಬದಿಗೆ ನಿಲ್ಲಿಸಿದ. "ಎಂತ ಆಯ್ತು ಮಾರಾಯ್ತಿ?"

"ಆ ಹೆಸರು ಅಪ್ಪ ಇಟ್ಟದ್ದು. ಅಪ್ಪನೂ ಇಲ್ಲ. ಹೆಸರೂ ಹೋದರೆ ಅವರದ್ದು ಅಂತ ನನ್ನ ಹತ್ತಿರ ಎಂತ ಉಳೀತದೆ?"

ಅವನ ಮುಖ ಇಳಿದುಹೋಯಿತು.

"ಯಾರಾದ್ರೂ ಹೆಸರು ಕೇಳಿದ್ರೆ ನಿನ್ನ ಮುಖ ಸಣ್ಣ ಆಗ್ತಿತ್ತು. ನಿನಗೇ ಅದು ಬೇಡ ಅಂದ್ಕೊಂಡೆ. ಬೇರೆ ಹುಡುಕಿ ಅಂತ ಅಮ್ಮನಿಗೆ ಹೇಳಿದ್ದು ನಾನೇ."

"ಹೇಳಿ ಹೇಳಿ ಸುಸ್ತಾಗಿದೆ, ಅಷ್ಟೇ."

"ನನಗೊಮ್ಮೆ ಹೇಳು. ಅದರ ಅರ್ಥ ಎಂತ?"

ಇಷ್ಟು ವರ್ಷ ಎಲ್ಲರೂ ಕೇಳಿದ್ದು ಯಾವ ದೇಶ, ಯಾವ ಜಾತಿ ಎಂದೇ. ಅರ್ಥ ಕೇಳಿದವರಿರಲಿಲ್ಲ.

"ಸ್ಲಾವ್ ಜನರ ಹಳೇ ಹೆಸರು. ಲ್ಯುದ್ ಅಂದರೆ ಜನ, ಮಿಲಾ ಅಂದರೆ ಪ್ರೀತಿಯವಳು. ಜನರಿಗೆ ಪ್ರೀತಿಯವಳು. ಅಪ್ಪ ಬೀಡಿ ಯೂನಿಯನ್ನಿನಲ್ಲಿದ್ರು, ರಷ್ಯಾದ ಪುಸ್ತಕ ಓದ್ತಿದ್ರು. ನಾನು ಹುಟ್ಟಿದಾಗ ಬೀಡಿ ಕಟ್ಟುವ ಹೆಂಗಸರೆಲ್ಲ ಬಂದು ಎತ್ತಿಕೊಂಡ್ರಂತೆ. ಅದನ್ನು ನೋಡಿ ಇಟ್ಟದ್ದು…"

ಅವಳು ಅತ್ತುಬಿಟ್ಟಳು.

ಅಖಿಲೇಶ್ ಆಗಲೇ ಊರಿಗೆ ಫೋನ್ ಹಚ್ಚಿದ, ಸ್ಪೀಕರಿನಲ್ಲೇ.

"ಅಮ್ಮ, ಹೊಸ ಹೆಸರು ಬೇಡ. ಇದ್ದದ್ದನ್ನೇ ಬರೀತೇನೆ."

"ಭಟ್ರು ಎಂತ ಹೇಳ್ತಾರೋ ಮಗ."

"ಹೇಳಲಿ. ಅವಳಪ್ಪ ಇಟ್ಟ ಹೆಸರದು."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ನನ್ನ ಮದುವೆಯಲ್ಲಿ ಹೆಸರು ಬದಲಿಸುವಾಗ ಯಾರೂ ನನ್ನನ್ನು ಕೇಳಲಿಲ್ಲ," ಎಂದರು ಆ ತಾಯಿ. "ಇರಲಿ. ಅವಳದ್ದು ಅವಳಿಗೇ ಇರಲಿ. ನನ್ನ ನಾಲಿಗೆ ಹೊರಳ್ಲಿಕ್ಕೆ ಸ್ವಲ್ಪ ದಿನ ಬೇಕು, ನೋಡು."

ಫೋನ್ ಇಟ್ಟಾಯಿತು. ಅವಳು ಸೀಟಿಗೆ ತಲೆ ಒರಗಿಸಿದಳು.

"ಅಪ್ಪ ಹೋದ ಮೇಲೆ ಪ್ರೀತಿಯಲ್ಲಿ ಪೂರ್ತಿ ಹೆಸರು ಹಿಡಿದು ಯಾರೂ ಕರೆದಿಲ್ಲ."

"ಲ್ಯುದ್ಮಿಲಾ…"

"ಎಂತ?" ಎಂದಳು, ಕಣ್ಣು ಮುಚ್ಚಿಕೊಂಡೇ.

"ಎಂತ ಇಲ್ಲ. ನೀನು ಮಲಗು."