ಇಪ್ಪತ್ತೆರಡು ವರ್ಷ ಸೀನದ ಗಂಡ

"ಅಜ್ಜೀ, ಆ ಕಾಗದ ಕೊಡು!"

ಗೂಳಿ ಕೆಳಗಿನ ಮೆಟ್ಟಿಲಲ್ಲಿ ನಿಂತು ನನ್ನ ಕೈಚೀಲ ಎಳೆಯುತ್ತಿದ್ದ. ಪ್ರೊಫೆಸರ್ ಸಾಹೇಬನ ಡ್ರೈವರ್. ಅವನು ಬಾಗಿಲಿಗೆ ಅಡ್ಡ ನಿಂತರೆ ಇಡೀ ಓಣಿಗೆ ಗ್ರಹಣ!

ಆರೋಗ್ಯ ಸಂಶೋಧನಾ ಕಚೇರಿ. ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ನನ್ನ ಮಂಡಿ ಅದಕ್ಕೂ ಮೊದಲೇ ಕೆಟ್ಟಿತ್ತು.

"ಯಾವ ಕಾಗದನಪ್ಪಾ?"

"ಸರ್ವೇ ಕಾಗದ. ಮಿಕ್ಕ ಮನೆಗಳದ್ದೆಲ್ಲ ಬಾಚಿದ್ದಾಯ್ತು. ನಿಂದೊಂದೇ ಬಾಕಿ!"

"ತಗೋ."

ಚೀಲ ಬಿಟ್ಟೆ. ಅವನು ಎಳೆಯುವುದನ್ನು ಬಿಡಲಿಲ್ಲ...

ಹನ್ನೆರಡು ಮೆಟ್ಟಿಲು ಉರುಳಿದ. ಬೇರೆ ದಿನವಾಗಿದ್ದರೆ ನೂರು ಅನ್ನುತ್ತಿದ್ದೆ. ಅವತ್ತು ನಾನು ಸಾಕ್ಷಿ. ಹನ್ನೆರಡೇ.

ಚೀಲದಲ್ಲಿದ್ದದ್ದು ಹಳೇ ಚಪ್ಪಲಿ. ಕಾಗದ ನನ್ನ ಸೊಂಟದಲ್ಲಿತ್ತು.

ನಮ್ಮ ಬೀದಿಯ ಎಡವಟ್ಟುಗಳನ್ನೆಲ್ಲ ಬಿಡಿಸುವವಳು ನಾನು. ಓದಿದ್ದು ಎರಡನೇ ಕ್ಲಾಸು. ಮೂರನೆಯದಕ್ಕೆ ಮೇಷ್ಟ್ರೇ ಕೈಮುಗಿದು ಕಳಿಸಿಬಿಟ್ಟರು.

ಅದಕ್ಕೆ ಮೂರು ವರ್ಷ ಹಿಂದೆ ಈ ಕಚೇರಿಯಿಂದ ಒಬ್ಬ ಹುಡುಗಿ ಬಂದಿದ್ದಳು. ನೀರು ಕಾಯಿಸಿ ಕುಡಿದರೆ ಕಾಯಿಲೆ ಎಷ್ಟು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಿಡಿಯುವ ಕೆಲಸ. ನಾನೂರು ಮನೆ. ಒಬ್ಬಳೇ!

"ಯಜಮಾನರು ಇದ್ದಾರಾ ಅಜ್ಜಿ?"

"ಇದ್ದಾರೆ. ತೊಂಬತ್ತು ವರ್ಷ. ಕಾಯಿಸಿದ ನೀರು ಬಿಟ್ರೆ ಬೇರೆ ಮುಟ್ಟಲ್ಲ. ಇಪ್ಪತ್ತೆರಡು ವರ್ಷದಿಂದ ಒಂದ್ಸಲ ಸೀನಿಲ್ಲ!"

ಕಾರ್ಬನ್ ಇಟ್ಟು ಪೆನ್ನಲ್ಲಿ ಎರಡು ಪ್ರತಿ ಬರೆದುಕೊಂಡಳು. ಕಣ್ಣರಳಿತು. "ಎಲ್ಲಿದ್ದಾರೆ? ಮಾತಾಡಿಸ್ತೀನಿ..."

ಗೋಡೆಯ ಮೇಲಿನ ಫೋಟೋ ತೋರಿಸಿದೆ.

ಎಷ್ಟು ನಕ್ಕಳೆಂದರೆ ಪೆನ್ನು ಮಂಚದ ಕೆಳಗೆ ಉರುಳಿತು. ಕೈಗೆ ಸಿಕ್ಕ ಪೆನ್ಸಿಲಿನಲ್ಲಿ ಎರಡೂ ಪ್ರತಿಯ ಅಂಚಿಗೆ ಬರೆದಳು. 'ಅಜ್ಜಿಯ ತಮಾಷೆ. ಯಜಮಾನರು ತೀರಿಕೊಂಡು ಇಪ್ಪತ್ತೆರಡು ವರ್ಷ.' ಸಹಿ, ತಾರೀಕು ಹಾಕಿ, ಎಲ್ಲ ಮನೆಗೂ ಕೊಟ್ಟ ಹಾಗೆ ಒಂದು ಪ್ರತಿ ನನಗೂ ಕೊಟ್ಟಳು. ಅಕ್ಕಿ ಡಬ್ಬಿಯ ಕೆಳಗೆ ಹಾಸಿದೆ.

ಅವಳ ಕಾಗದಗಳನ್ನೆಲ್ಲ ಪ್ರೊಫೆಸರ್ ಎತ್ತಿಕೊಂಡ. ಟೈಪ್ ಮಾಡಿದವರು ಪೆನ್ನನ್ನು ಓದಿದರು, ಪೆನ್ಸಿಲನ್ನು ಬಿಟ್ಟರು. ಸಂಶೋಧನೆಯ ಪೇಪರ್ ಅವನೊಬ್ಬನ ಹೆಸರಲ್ಲಿ ಅಚ್ಚಾಯಿತು. ಲೋಕದ ಪಂಡಿತರು ತಮ್ಮ ತಮ್ಮ ಬರಹದಲ್ಲಿ ಅದರ ಹೆಸರೆತ್ತಿದರು. ಸಾವಿರದ ನೂರ ನಲವತ್ತಾರು ಸಲ! ಅದಕ್ಕೆ ಸೈಟೇಷನ್ ಅಂತಾರಂತೆ. ಆ ಏಣಿ ಹತ್ತಿ ಅವನು ಡೈರೆಕ್ಟರ್ ಕುರ್ಚಿಗೆ ಕೈ ಹಾಕಿದ್ದ.

ಹುಡುಗಿ "ಸರ್ವೇ ನಂದು" ಅಂದಳು. ಅವನು "ನನ್ನ ಸರ್ವೇ ಕದಿಯೋಕೆ ನೋಡ್ತಿದ್ದಾಳೆ" ಅಂದ. ಗೂಳಿ ಉರುಳಿದ ದಿನವೇ ವಿಚಾರಣೆ. ಸೋತರೆ ಅವಳ ಕೆಲಸವೂ ಹೋಯಿತು, ಹೆಸರೂ ಹೋಯಿತು.

ನಾನು ಅವಳಿಗೆ ಒಂದೇ ಮಾತು ಹೇಳಿದ್ದೆ. "ನಾನು ಬರೋವರೆಗೂ ಗಂಡನ ಸುದ್ದಿ ಎತ್ತಬೇಡ."

ಬಾಗಿಲು ತಳ್ಳಿದೆ. ಉದ್ದ ಮೇಜು. ಐದು ಜನ. ನಡುವೆ ಕನ್ನಡಕದ ಮೇಡಂ. ಮೂಲೆಯಲ್ಲಿ ಹುಡುಗಿ, ಮುಖ ಸುಣ್ಣ.

"ಅಜ್ಜಿ, ಇದು ಒಳಗಿನವರ ಮೀಟಿಂಗು."

"ನಾನೂ ಒಳಗೇ ಬಂದಿದ್ದೀನಲ್ಲಮ್ಮ."

ಪ್ರೊಫೆಸರ್ ಹುಬ್ಬು ಗಂಟಿಕ್ಕಿದ. "ಯಾರಿದು?"

"ಮರೆತುಬಿಟ್ರಾ ಸಾರ್? ನಾನೂರು ಮನೆಗೂ ನೀವೇ ಬಂದಿದ್ರಂತೆ. ಹಸಿರು ಬಾಗಿಲಿನ ಮನೆ... ತೊಂಬತ್ತರ ಮುದುಕರು!"

ಕಾಗದ ಗೂಳಿಯ ಕೈ ಸೇರಿದೆ ಎಂಬ ಧೈರ್ಯ ಅವನಿಗೆ. ಮುಖ ಅರಳಿತು. "ಓ! ನೆನಪಿಲ್ದೆ ಏನು! ನನ್ನ ಪೇಪರಿನ ಜೀವಾಳವೇ ಅವರು ಮೇಡಂ. ಎಲ್ಲರೂ ಎತ್ತಿ ಹೇಳೋದು ಅವರ ಮೇಲಿನ ಪ್ಯಾರಾನೇ."

"ಮಾತಾಡಿಸಿದ್ರಾ?"

"ಅರ್ಧ ಗಂಟೆ!"

"ಹೇಗಿದ್ರು?"

"ಗಟ್ಟಿಮುಟ್ಟು!"

"ಕೈ ಕುಲುಕಿದ್ರಾ?"

"ಬಿಡಲೇ ಇಲ್ಲ ಅಜ್ಜಿ, ಅಂಥಾ ಹಿಡಿತ!"

ಹುಡುಗಿ ತಲೆ ತಗ್ಗಿಸಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡರು ಎಲ್ಲರೂ.

ಸೊಂಟದಿಂದ ಕಾಗದ ತೆಗೆದು ಮೇಡಂ ಮುಂದಿಟ್ಟೆ. ನಾಲ್ಕು ಅಕ್ಕಿಕಾಳು ಉದುರಿದವು. ಅವರು ಅಂಚಿನ ಪೆನ್ಸಿಲ್ ಬರಹ ಓದಿದರು. ಸಹಿ ನೋಡಿದರು. ತಾರೀಕು ನೋಡಿದರು. ಕನ್ನಡಕ ತೆಗೆದರು.

"ಪ್ರೊಫೆಸರ್... ನೀವು ಯಾರ ಕೈ ಕುಲುಕಿದ್ರಿ?"

ಪ್ರೊಫೆಸರ್ ಬಲಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದ.

ಹುಡುಗಿಯ ಕೆಲಸ ಉಳಿಯಿತು. ಪ್ರೊಫೆಸರನ ಕುರ್ಚಿ ಹೋಯಿತು. ತಪ್ಪು ಅಂತ ಸಾರಿ ಪೇಪರನ್ನು ವಾಪಸ್ ತೆಗೆದುಕೊಂಡರು. ಆದರೆ ಪಂಡಿತರು ಈಗ ಅದರ ಹೆಸರು ಇನ್ನೂ ಜಾಸ್ತಿ ಹೇಳುತ್ತಾರಂತೆ... ಹೀಗೆ ಮಾಡಬಾರದು ಎನ್ನುವುದಕ್ಕೆ! ನನ್ನ ಗಂಡ ಬದುಕಿದ್ದಾಗ ಅವರ ಮಾತಿಗೆ ಬೆಕ್ಕು ಕೂಡ ತಿರುಗಿ ನೋಡುತ್ತಿರಲಿಲ್ಲ.

ಹುಡುಗಿ ಈಗ ನಾನೂರು ಮನೆಯನ್ನೂ ಮತ್ತೆ ಸುತ್ತುತ್ತಿದ್ದಾಳೆ. ಈ ಸಲ ಅವಳದೇ ಹೆಸರಲ್ಲಿ. ನಿನ್ನೆ ನನ್ನ ಬಾಗಿಲಿಗೂ ಬಂದಳು.

"ಯಜಮಾನರು ಇದ್ದಾರಾ ಅಜ್ಜಿ?"

ಫೋಟೋ ನೋಡಿದೆ. ನಾಲಿಗೆಯ ತುದಿಯಲ್ಲಿ ನೂರು ತಮಾಷೆ ಕುಣಿಯುತ್ತಿದ್ದವು. ನುಂಗಿಕೊಂಡೆ.

"ಸತ್ತಿದ್ದಾರೆ ಕಣೇ. ಬರ್ಕೋ... ಈ ಸಲ ಪೆನ್ನಲ್ಲಿ!"